ಬೈಕಿಗೆ ಬಿಗಿದ ಹೊಲಿಗೆ ಮಿಷನ್ನಿನ ಪೆಡಲು

...ಅಥವಾ ಅಲುಗಿದ್ದು ಬೆರಳಲ್ಲ, ಗಾಡಿಯೇ ಇರಬಹುದು. ಮದಲೂರು ಕೆರೆ ಏರಿಯ ಮೇಲೆ ಆ ದಿನ ಬೈಕು ಓಡಿಸುತ್ತಿದ್ದ ನನ್ನ ಬಲಗಾಲಿನ ಹಿಮ್ಮಡಿಗೆ, ಹಿಂದೆ ಕೂತಿದ್ದ ನಮ್ಮ ಯಜಮಾನರ ಹೆಬ್ಬೆರಳು ತಗಲಿ, ಮೆಲ್ಲಗೆ ಒತ್ತಿ, ಹಿಂದಕ್ಕೆ ಸರಿಯಿತು ಎಂದು ನಾನು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತರೆ ಅನುಮಾನ ಬರುತ್ತಿದೆ. ಏರಿಯ ರಸ್ತೆ ಗುಂಡಿ ಬಿದ್ದಿತ್ತು. ಗುಂಡಿಯಲ್ಲಿ ಗಾಡಿ ಕುಣಿದರೆ ಯಾರ ಬೆರಳಾದರೂ ಕುಣಿಯುತ್ತದೆ. "ಅಂಗೇನೂ ಆಗ್ಲೇ ಇಲ್ಲ ಕಣೆ, ನೀನು ಆಮ್ಯಾಕೆ ಸೇರಿಸ್ಕಂಡಿದೀಯ" ಎನ್ನುತ್ತಾರೆ ಅವರು. ಇರಬಹುದು. ಉಳಿದದ್ದೆಲ್ಲ ನನಗೆ ಚೆನ್ನಾಗಿ ನೆನಪಿದೆ. ಆದರೆ ಚೆನ್ನಾಗಿ ನೆನಪಿರುವುದೆಲ್ಲ ಹೆಚ್ಚು ಸಲ ಹೇಳಿ ಹೇಳಿ ನಯವಾದದ್ದು ಎಂಬುದೂ ಗೊತ್ತಿದೆ.

ಇದು ಹೋದ ವರ್ಷದ ಸಂಕ್ರಾಂತಿಗೂ ಯುಗಾದಿಗೂ ನಡುವಿನ ಮಾತು. ನಾನು ಮಧುಗಿರಿಯಲ್ಲಿ ಟೈಲರ್. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ನಮ್ಮ ಯಜಮಾನರು ಹೊಲಿಗೆ ಮಿಷನ್ ರಿಪೇರಿ ಮಾಡುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ ಮಿಷನ್ ಇಟ್ಟುಕೊಂಡಿರುವ ಹೆಂಗಸರಿಗೆ ಅವರ ಫೋನ್ ನಂಬರ್ ಬಾಯಿಪಾಠ. ಊರಿನವರು ಅವರನ್ನು ಮಿಷನ್ ರಂಗಪ್ಪ ಎನ್ನುತ್ತಾರೆ. ಕೆಟ್ಟ ಮಿಷನ್ನನ್ನು ಯಾರೂ ಹೊತ್ತುಕೊಂಡು ಬಸ್ಸಿಗೆ ಹತ್ತಿಸುವುದಿಲ್ಲ, ರಿಪೇರಿಯವನೇ ಮನೆಬಾಗಿಲಿಗೆ ಹೋಗಬೇಕು. ಅದಕ್ಕೆ ಅವರ ಹತ್ತಿರ ಒಂದು ಬೈಕು ಇತ್ತು.

ಅದರ ಹಿಂದಿನ ವರ್ಷ ಕೊರಟಗೆರೆಯ ತಿರುವಿನಲ್ಲಿ ಆ ಬೈಕಿನಿಂದ ಬಿದ್ದು ಅವರ ಬಲಗಾಲು ಮುರಿಯಿತು. ಒಳಗೆ ರಾಡು ಹಾಕಿದರು. ಮೂಳೆ ಕೂಡಿತು, ಮಂಡಿ ಮಾತ್ರ ಅರ್ಧಕ್ಕೆ ನಿಂತುಬಿಟ್ಟಿತು. ಅದಕ್ಕಿಂತ ಹೆಚ್ಚು ಮಡಚುವುದಿಲ್ಲ. ಬೈಕಿನ ಹಿಂದಿನ ಬ್ರೇಕು ಇರುವುದು ಬಲಗಾಲಿಗೆ. ಹಾಗಾಗಿ ಅವರು ಓಡಿಸುವಂತಿರಲಿಲ್ಲ. ನಾನು ಗೇರಿನ ಗಾಡಿ ಕಲಿತೆ. ಸೀರೆ ಬಿಟ್ಟು ಚೂಡಿದಾರ ಹಾಕಿದೆ. ಮೈದಾನದಲ್ಲಿ ಕಲಿಸಿದವರು ಅವರೇ, ಕುರ್ಚಿ ಹಾಕಿಕೊಂಡು, ಊರುಗೋಲು ತೋರಿಸುತ್ತಾ. "ಕ್ಲಚ್ ಬುಡು, ಬುಡು, ನಿಧಾನಕ್ಕೆ ಬುಡೆ, ಕೋಳಿ ಹಿಡಿದಂಗೆ ಹಿಡೀಬ್ಯಾಡ." ಮೂರನೆಯ ವಾರಕ್ಕೆ ನಾನು ಬೆಟ್ಟದ ಕೆಳಗಿನ ರಸ್ತೆಯಲ್ಲಿ ಯಾರ ಹಂಗೂ ಇಲ್ಲದೆ ಓಡಿಸುತ್ತಿದ್ದೆ. ಈಗಲೂ ಹೇಳುತ್ತೇನೆ, ನಾನು ಅವರಿಗಿಂತ ಚೆನ್ನಾಗಿ ಓಡಿಸುತ್ತೇನೆ.

ತೊಂದರೆ ಬಂದದ್ದು ಅವರನ್ನು ಹಿಂದೆ ಕೂರಿಸಿದಾಗ. ಹಿಂದಿನ ಸೀಟಿನ ಫುಟ್‌ರೆಸ್ಟು ಮೇಲಕ್ಕೂ ಹಿಂದಕ್ಕೂ ಇರುತ್ತದೆ, ಅಲ್ಲಿ ಕಾಲಿಡಲು ಮಂಡಿ ಪೂರ್ತಿ ಮಡಚಬೇಕು. ಅವರ ಕಾಲು ಅಲ್ಲಿಗೆ ಹೋಗುವುದೇ ಇಲ್ಲ. ಕಾಲನ್ನು ಗಾಳಿಯಲ್ಲಿ ಚಾಚಿಕೊಂಡು ಕೂತರೆ ಪೇಟೆ ದಾಟುವಷ್ಟರಲ್ಲಿ ತೊಡೆ ನಡುಗುತ್ತಿತ್ತು. ಎರಡು ಕಾಲನ್ನೂ ಎಡಗಡೆ ಹಾಕಿ ಹೆಂಗಸರಂತೆ ಕೂರಿ ಎಂದರೆ, "ಅದೊಂದು ಬಾಕಿ ಇತ್ತು" ಎಂದರು. ಸ್ಕೂಟರ್ ತೆಗೆದುಕೊಳ್ಳಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು: ಅದರಲ್ಲಿ ಹಿಂದೆ ಕೂತವರ ಮಂಡಿ ಇನ್ನೂ ಹೆಚ್ಚು ಮಡಚಬೇಕಾಗುತ್ತದೆ. ಕೂರಿಸಿ ನೋಡಿಯೇ ಹೇಳುತ್ತಿದ್ದೇನೆ. ಅವರ ಕಾಲು ಬೈಕಿನ ಮೇಲೆ ಕೂರದಿದ್ದರೆ ಅವರ ಕೆಲಸ ನಿಲ್ಲುತ್ತದೆ, ಅಷ್ಟೇ. ಕೆಲಸ ನಿಂತ ಗಂಡಸು ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ ನನ್ನ ಕತ್ತರಿಯ ಬಗ್ಗೆ ಸಲಹೆ ಕೊಡುತ್ತಿದ್ದುದನ್ನು ನಾನು ಆಗಲೇ ಕೆಲವು ತಿಂಗಳು ನೋಡಿದ್ದೆ.

ಅವರ ಬಲಗಾಲಿಗೆ ಬೇಕಾದ ಜಾಗ ಯಾವುದು ಎಂದು ನಾನು ಅಳತೆ ತೆಗೆದೆ. ಗಾಡಿಯನ್ನು ಸ್ಟ್ಯಾಂಡು ಹಾಕಿ, ಅವರನ್ನು ಕೂರಿಸಿ, ಕಾಲು ತಾನಾಗಿ ಎಲ್ಲಿಗೆ ಇಳಿಯುತ್ತದೋ ಅಲ್ಲಿಗೆ ರಟ್ಟು ಹಿಡಿದು ಚಾಕ್‌ಪೀಸಿನಿಂದ ಗುರುತು ಮಾಡಿದೆ. ಫುಟ್‌ರೆಸ್ಟಿಗಿಂತ ಕೆಳಗೆ, ಒಂದು ಗೇಣು ಮುಂದೆ. ಸರಿಯಾಗಿ ಆ ಜಾಗದಲ್ಲಿ ಸೈಲೆನ್ಸರ್ ಮಲಗಿತ್ತು. ಅಷ್ಟೇ ಅಲ್ಲ, ಸೈಲೆನ್ಸರು ತೂಗುತ್ತಿದ್ದುದೇ ಆ ಹಳೆಯ ಫುಟ್‌ರೆಸ್ಟಿನ ಪಟ್ಟಿಯಿಂದ. ಎರಡಕ್ಕೂ ಒಂದೇ ಆಸರೆ, ಒಂದೇ ಬೋಲ್ಟು. ಒಂದನ್ನು ಕದಲಿಸಿದರೆ ಇನ್ನೊಂದು ಬೀಳುತ್ತದೆ. ಆದ್ದರಿಂದ ಮೊದಲು ಸೈಲೆನ್ಸರಿಗೆ ಬೇರೆ ಆಸರೆ ಕೊಟ್ಟು ಸ್ವಲ್ಪ ಕೆಳಗಿಳಿಸಬೇಕು, ಆಮೇಲೆ ಖಾಲಿಯಾದ ಜಾಗಕ್ಕೆ ಕಾಲಿನ ಆಸರೆ ತರಬೇಕು. ಬ್ಲೌಸಿನ ತೋಳು ಬಿಗಿಯಾದರೆ ತೋಳನ್ನೇ ಬಿಚ್ಚುವುದಿಲ್ಲ, ಕಂಕುಳಲ್ಲಿ ಬಿಚ್ಚುತ್ತೇವೆ. ಅದೇ ಲೆಕ್ಕ.

ಮಧುಗಿರಿಯ ಮೆಕ್ಯಾನಿಕ್ಕುಗಳು ಕಂಪನಿ ಫಿಟಿಂಗು ಮುಟ್ಟುವುದಿಲ್ಲ ಎಂದರು. ನಮ್ಮ ಯಜಮಾನರ ಹಳೆಯ ಸ್ನೇಹಿತ ರಿಯಾಜ್ ಎಂಬವರು ಶಿರಾದಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಾರೆ. ಅವರ ಶೆಡ್ಡಿಗೆ ಹೋದೆವು. ಇವರು ಬಸ್ಸಿನಲ್ಲಿ, ನಾನು ಗಾಡಿಯಲ್ಲಿ. ರಿಯಾಜಣ್ಣ ಸುತ್ತ ಒಂದು ಸುತ್ತು ಹಾಕಿ ನೋಡಿದರು.

"ಭಾಬಿ, ಅದನ್ಯಾಕೆ ಅಷ್ಟು ಕೆಣಕ್ತೀರಾ? ಈ ಉದ್ದ ಸೈಲೆನ್ಸರ್ ಕಿತ್ತಾಕಿ ಗಿಡ್ಡದೊಂದು ಹಾಕ್ಬುಡಣ. ಜಾಗಾನೂ ಆಗ್ತದೆ, ಆವಾಜೂ ಜಬರ್ದಸ್ತ್. ನೀವು ಮಧುಗಿರಿ ಬಿಟ್ರೆ ಸಿರಾದಲ್ಲಿ ನನಗೆ ಕೇಳ್ಬೇಕು."

"ಬಿಟ್ಟಾಗ ಫೋನ್ ಮಾಡ್ತೀನಿ ಬುಡಿ ರಿಯಾಜಣ್ಣ. ಸದ್ದು ಬ್ಯಾಡ."

"ಹೂಂ ಕಣೋ ರಿಯಾಜು" ಎಂದರು ನಮ್ಮವರು. "ಮನೇಲಿ ಇರೋ ಸದ್ದೇ ಸಾಕಾಗೈತೆ."

ನಾನು ಚೀಲದಿಂದ ಒಂದು ವಸ್ತು ತೆಗೆದು ನೆಲಕ್ಕಿಟ್ಟೆ. ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಮಿಷನ್ನಿಗೆ ಕೆಳಗೆ ಒಂದು ಜಾಲರಿಯ ಪೆಡಲು ಇರುತ್ತದಲ್ಲ, ಅದರ ತುಂಡು. ಗುಜರಿಗೆ ಹಾಕಬೇಕಾಗಿದ್ದ ಮಿಷನ್ನುಗಳ ಪೆಡಲುಗಳು ನಮ್ಮ ಮನೆಯ ಹಿಂದೆ ರಾಶಿ ಬಿದ್ದಿದ್ದವು. ಬೈಕಿನ ಫುಟ್‌ರೆಸ್ಟು ಎಂದರೆ ಒಂದು ಸಣ್ಣ ಕಡ್ಡಿ, ಪಾದದ ನಡುವೆ ಒತ್ತುತ್ತದೆ. ಪೆಡಲು ಹಾಗಲ್ಲ, ಇಡೀ ಪಾದ ಅದರ ಮೇಲೆ ಕೂರುತ್ತದೆ. ಹೊತ್ತುಗಟ್ಟಲೆ ಪಾದ ಇಟ್ಟುಕೊಂಡು ಕೂರಲೆಂದೇ ಮಾಡಿದ ವಸ್ತು ಅದೊಂದೇ. ಈ ಯೋಚನೆ ನನ್ನದು. ಅವರು ತಮ್ಮದು ಎನ್ನುತ್ತಾರೆ.

ರಿಯಾಜಣ್ಣ ಅದನ್ನು ತಟ್ಟಿ ಕಿವಿಗೊಟ್ಟರು. "ಇದು ಬೀಡುಕಬ್ಬಿಣ ಭಾಬಿ. ಬೆಸುಗೆ ನಿಲ್ಲಲ್ಲ. ಇವತ್ತು ಹಿಡಿದಂಗೆ ಕಾಣ್ತದೆ, ನಾಳೆ ಪಟ್ ಅಂತದೆ."

"ಹಂಗಾದ್ರೆ ತೂತು ಹೊಡೆದು ಬೋಲ್ಟ್ ಹಾಕಿ. ಚಾಸಿ ಪೈಪಿಗೂ ಬೆಂಕಿ ಮುಟ್ಟಿಸ್ಬ್ಯಾಡಿ, ಕ್ಲಾಂಪಲ್ಲೇ ಹಿಡಿಸ್ಬೇಕು. ನಾಳೆ ಬ್ಯಾಡ ಅಂದ್ರೆ ಬಿಚ್ಚಂಗಿರ್ಬೇಕು."

"ಬ್ಲೌಸಾ ಇದು, ಬಿಚ್ಚಿ ಹೊಲಿಯಾಕೆ?"

"ಹೂಂ ಅಂಗೇ ಅನ್ಕಳಿ."

ಮೊದಲು ಹೊಸ ಪಟ್ಟಿಗಳನ್ನೆಲ್ಲ ಚುಕ್ಕಿ ಬೆಸುಗೆಯಲ್ಲಿ ನಿಲ್ಲಿಸಿ, ಕೂರಿಸಿ ನೋಡಿ, ಸರಿಯಾದ ಮೇಲೆ ಪೂರ್ತಿ ಬೆಸೆಯುವುದು ಎಂದು ನಾನು ಹಠ ಹಿಡಿದೆ. ನಾವು ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡುವುದೂ ಹೀಗೇ. ಸೈಲೆನ್ಸರಿಗೆ ಹೊಸ ಪಟ್ಟಿ ಬಂತು, ಅದರ ನಡುವೆ ರಬ್ಬರ್ ಬುಷ್ಷು. ಅದು ಕೆಳಗಿಳಿಯಿತು. ಚಾಸಿ ಪೈಪಿಗೆ ಕ್ಲಾಂಪು, ಕ್ಲಾಂಪಿಗೆ ಪೆಡಲು. ಯಜಮಾನರನ್ನು ಕೂರಿಸಿ ನಾನು ಮುಂದೆ ಮಂಡಿಯೂರಿ ಕೂತೆ.

"ಎಲ್ಲಾದ್ರೂ ಹಿಡಿತದಾ?"

"ಇಲ್ಲ."

"ಹಿಮ್ಮಡಿ ಹತ್ರ?"

"ಇಲ್ಲ ಕಣೆ. ಆರಾಮೈತೆ."

"ಇನ್ನೊಂಚೂರು ಮುಂದಕ್ಕೆ ಬೇಕಾ, ಬ್ಯಾಡ್ವಾ?"

"ಹೆಂಗಿದ್ರೂ ಆರಾಮೈತೆ ಬುಡು."

ಹತ್ತು ಸಲ ಹೀಗೆ ಕೇಳಿದೆ. ಇದು ನಮ್ಮ ಕಸುಬಿನ ಅಭ್ಯಾಸ. ಟೈಲರಿನ ಟೇಪು ಅರ್ಧ ಹೇಳುತ್ತದೆ, ಉಳಿದರ್ಧ ಗಿರಾಕಿಯ ಬಾಯಿ ಹೇಳಬೇಕು. "ಕಂಕುಳಲ್ಲಿ ಹಿಡಿತದೆ ಅಕ್ಕ", "ಕೊರಳು ಚುಚ್ತದೆ ಅಕ್ಕ" ಎಂದು ಮೈ ಇರುವವರು ಹೇಳಿದರೆ ತಾನೇ ನಮಗೆ ಗೊತ್ತಾಗುವುದು. ಗಿರಾಕಿ ಆರಾಮ ಎಂದರೆ ಕಚ್ಚಾ ಬಿಚ್ಚಿ ಗಟ್ಟಿ ಹೊಲಿಗೆ ಹಾಕುತ್ತೇವೆ. ಇಲ್ಲೂ ಹಾಗೇ ಮಾಡಿದೆವು.

ಮೇಲೆ ಬರೆದದ್ದನ್ನು ಈಗ ಓದಿ ನೋಡಿದೆ. ಎಲ್ಲ ಒಂದೇ ದಿನ ಸಲೀಸಾಗಿ ಆದಂತೆ ಕಾಣುತ್ತದೆ. ಹಾಗಾಗಿರಲಿಲ್ಲ. ಶಿರಾಕ್ಕೆ ಎರಡು ಸಲವೋ ಮೂರು ಸಲವೋ ಹೋದೆವು, ಒಂದು ಸಲ ಕರೆಂಟಿಲ್ಲದೆ ಸುಮ್ಮನೆ ವಾಪಸ್ಸು ಬಂದೆವು. ಆ "ಆರಾಮೈತೆ" ಯಾವ ಸಲ ಹೇಳಿದ್ದು ಎಂದು ನನಗೆ ಖಚಿತವಿಲ್ಲ. ಎಲ್ಲ ಸಲವೂ ಹೇಳಿದರು ಎಂಬುದು ಖಚಿತ.

ಕೆಲಸ ಮುಗಿದ ದಿನ ಶಿರಾದಿಂದ ನೇರವಾಗಿ ಮದಲೂರಿಗೆ ಹೋದೆವು. ಅಲ್ಲೊಬ್ಬ ಹೆಂಗಸಿನ ಮಿಷನ್ನು ದಾರ ಕಿತ್ತುಕೊಳ್ಳುತ್ತಿತ್ತು. ಪೆಡಲು ಮುಂದಕ್ಕೆ ಬಂದಿದ್ದರಿಂದ ಅವರ ಬೆರಳುಗಳು ಸರಿಯಾಗಿ ನನ್ನ ಹಿಮ್ಮಡಿಯ ಹಿಂದೆ ಬರುತ್ತಿದ್ದವು. ಸೈಲೆನ್ಸರು ಕೆಳಗಿಳಿದಿದ್ದರಿಂದ ಹಂಪುಗಳಲ್ಲಿ ತಳ ಉಜ್ಜುತ್ತದೆಂಬ ಭಯ ನನಗೆ. ಹಂಪು ಬಂದಾಗ ಹಿಮ್ಮಡಿಯಿಂದ ಅವರ ಬೆರಳನ್ನು ಒಮ್ಮೆ ತಟ್ಟುತ್ತೇನೆ, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು ಹೇಳಿದ್ದೆ. ಹೆಲ್ಮೆಟ್ ಹಾಕಿಕೊಂಡು ಕಿರುಚುವುದಕ್ಕಿಂತ ಅದು ಸುಲಭ. ಏರಿಯ ಮೇಲೆ ಎಮ್ಮೆಗಳು ದಾಟುತ್ತಿದ್ದವು. ನಾನು ನಿಧಾನ ಮಾಡಿ ತಟ್ಟಿದೆ. ಆಗ ಆ ಬೆರಳು ನನ್ನ ಹಿಮ್ಮಡಿಯನ್ನು ಒತ್ತಿತು, ಸರಿಯಿತು. ಗೊತ್ತಾಯಿತು ಎಂಬಂತೆ. ನನಗೆ ನಗು ಬಂತು. ಮದುವೆಯಾದ ಹೊಸತರಲ್ಲಿ ಊಟದ ಪಂಕ್ತಿಯಲ್ಲಿ ಹೀಗೆ ಕಾಲು ತುಳಿಯುತ್ತಿದ್ದರು.

ಆಮೇಲಿನ ದಿನಗಳಲ್ಲಿ ತಟ್ಟಿದರೆ ಅತ್ತಕಡೆಯಿಂದ ಉತ್ತರವಿರುತ್ತಿರಲಿಲ್ಲ. ಬೇಜಾರಿನಲ್ಲಿದ್ದಾರೆ ಎಂದುಕೊಂಡೆ. ಬೇಜಾರಿಗೆ ಕಾರಣವಿತ್ತು. ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ ಅವರ ಜೊತೆಗಾರನೊಬ್ಬ ಕೇಳಿದ್ದ, "ಏನ್ಲಾ ರಂಗ, ಹೆಂಡ್ತಿ ಡ್ರೈವರ್ರು, ನೀನು ಕ್ಲೀನರ್ರಾ?"

"ಓನರ್ ಕಣ್ಲಾ" ಎಂದರು ಇವರು. "ಓನರ್ ಯಾವತ್ತಿದ್ರೂ ಹಿಂದಿನ ಸೀಟೇ."

ಎಲ್ಲರೂ ನಕ್ಕರು. ಇವರೂ ನಕ್ಕರು. ಮನೆಗೆ ಬಂದು ಮಾತ್ರ, "ಮಂಡಿ ಇನ್ನೊಂಚೂರು ಬಗ್ಗಲಿ, ಮುಂದಿನ ತಿಂಗಳಿಂದ ನಾನೇ ಓಡಿಸ್ತೀನಿ" ಎಂದರು. ತಿಂಗಳು ಕಳೆದ ಮೇಲೂ ಹಾಗೇ ಎಂದರು. ಮಧ್ಯಾಹ್ನ ಅಂಗಡಿಯ ಮುಂದೆ ನಿಂತ ಗಾಡಿಯಲ್ಲಿ ಮುಂದಿನ ಸೀಟಿನ ಮೇಲೆ ಕೂತು, ಬಲಗಾಲು ಚಾಚಿ ಬ್ರೇಕು ಒತ್ತಿ ಬಿಡುತ್ತಿದ್ದರು. ನಾನು ಮಿಷನ್ನಿನಿಂದ ತಲೆಯೆತ್ತಿ ನೋಡಿದರೆ ಹಿಂದಿನ ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು. ಅವರು ಬಗ್ಗಿ ತಮ್ಮ ಪಾದವನ್ನೇ ನೋಡುತ್ತಾ ಒತ್ತುತ್ತಿದ್ದರು. ಅಷ್ಟು ವರ್ಷ ಗಾಡಿ ಓಡಿಸಿದವರು ಪಾದ ನೋಡಿಕೊಂಡು ಯಾಕೆ ಬ್ರೇಕು ಒತ್ತುತ್ತಾರೆ ಎಂದು ನಾನು ಕೇಳಬಹುದಿತ್ತು. ಕೈಯಲ್ಲಿ ಯಾರದೋ ಬ್ಲೌಸಿನ ಕೊರಳಿತ್ತು. ಕೇಳಲಿಲ್ಲ.

ಯುಗಾದಿ ಹತ್ತಿರ ಬಂತು. ನಾಗಲಮಡಿಕೆಯಲ್ಲಿ ಹೆಂಗಸರ ಗುಂಪೊಂದು ಹೊಲಿಗೆ ಕಲಿಯಲು ಇಟ್ಟುಕೊಂಡಿದ್ದ ಮಿಷನ್ನುಗಳು ಒಟ್ಟಿಗೆ ಕೈಕೊಟ್ಟವು. ಹಬ್ಬಕ್ಕೆ ಮುಂಚೆ ರಿಪೇರಿಯಾಗಬೇಕು. ಕಾಲು ಮುರಿದ ಮೇಲೆ ಇಷ್ಟು ದೊಡ್ಡ ಕೆಲಸ ಬಂದದ್ದು ಅದೇ ಮೊದಲು. ಬೆಳಗ್ಗೆ ಅವರು ಶೇವಿಂಗ್ ಮಾಡಿಕೊಂಡು, ಒಗೆದ ಅಂಗಿ ಹಾಕಿ, ಸಾಮಾನಿನ ಚೀಲವನ್ನು ಎದೆಗೆ ತೂಗುಹಾಕಿಕೊಂಡು ಕೂತರು. ಮಿಡಿಗೇಶಿ ದಾಟಿದೆವು. ಬಿಸಿಲು ಏರುತ್ತಿತ್ತು. ಪಾವಗಡದ ಕಡೆಯ ಆ ಬಯಲಿನಲ್ಲಿ ಈಗ ಎಲ್ಲಿ ನೋಡಿದರೂ ಸೋಲಾರ್ ಹಲಗೆಗಳು ಮಲಗಿವೆ. ಗಾಳಿಯೂ ಕಾದಿತ್ತು. ಎಲ್ಲೋ ರಬ್ಬರು ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಲಾರಿಯದು ಎಂದುಕೊಂಡೆ. ಲಾರಿಯನ್ನು ಹಿಂದೆ ಹಾಕಿದೆ. ವಾಸನೆ ಹಿಂದೆ ಬಿದ್ದು ಬಂತು. ಕ್ಲಚ್ಚಿರಬೇಕು ಎಂದುಕೊಂಡೆ. "ವಾಸ್ನೆ ಬರ್ತಾ ಐತಾ?" ಎಂದು ಕೂಗಿದೆ. "ಲಾರೀದು" ಎಂದರು.

ಪಾವಗಡಕ್ಕೆ ಸ್ವಲ್ಪ ಮುಂಚೆ ಹುಣಸೆಮರದ ಕೆಳಗೆ ಒಬ್ಬ ಹೆಂಗಸು ಕಲ್ಲಂಗಡಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ನಾನು ಗಾಡಿ ನಿಲ್ಲಿಸಿದೆ. ಹೆಲ್ಮೆಟ್ ತೆಗೆಯುವಷ್ಟರಲ್ಲಿ ಆಕೆ ಎದ್ದು ನಿಂತಿದ್ದಳು.

"ಯೋವ್, ನೀ ಚೆಪ್ಪು ಕಾಲ್ತಾಂದಿ ಸೂಡಪ್ಪಾ. ಚಪ್ಪಲಿ ಉರೀತಾ ಐತೆ, ಕಾಲು ಎತ್ತು."

ಆಕೆ ಹೇಳಿದ್ದು ತೆಲುಗಿನಲ್ಲೋ ಕನ್ನಡದಲ್ಲೋ ಎರಡರಲ್ಲೂನೋ, ಆ ಕಡೆಯ ಮಾತು ಹಾಗೇ. ಆದರೆ ಅವರು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರು ಮೊದಲು ಬಗ್ಗಿ ನೋಡಿದರು. ಹೊಗೆ ಕಂಡಿತು. ಆಮೇಲೆ ಕಾಲೆತ್ತಿದರು. ಯಾರದಾದರೂ ಕಾಲು ಸುಟ್ಟರೆ ಎತ್ತಿ ಆಮೇಲೆ ನೋಡುತ್ತಾರೆ. ಅವರು ನೋಡಿ ಎತ್ತಿದರು.

ಗಾಡಿಯ ಕೆಳಗೆ ನೋಡಿದೆ. ಕ್ಲಾಂಪು ಪೈಪಿನ ಮೇಲೆ ತಿರುಗಿಹೋಗಿತ್ತು. ಅವರ ಕಾಲಿನ ಭಾರಕ್ಕೆ ಪೆಡಲು ಹಿಂದಕ್ಕೆ ವಾಲಿ ಸೈಲೆನ್ಸರಿನ ಮೇಲೆ ಕೂತಿತ್ತು. ಹಿಮ್ಮಡಿ ಪೆಡಲಿನ ಅಂಚು ದಾಟಿ ಕಾದ ಸೈಲೆನ್ಸರಿನ ಮೇಲೆಯೇ ಇತ್ತು. ಚಪ್ಪಲಿಯ ಅಟ್ಟೆ ಕರಗಿ ಅದಕ್ಕೆ ಅಂಟಿಕೊಂಡಿತ್ತು.

ಆ ಹೆಂಗಸು ಅವರನ್ನು ಕಲ್ಲಂಗಡಿಗಳ ಪಕ್ಕ ಕೂರಿಸಿ, ಯಾವ ಸಂಕೋಚವೂ ಇಲ್ಲದೆ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಹಣ್ಣಿಗೆ ಚಿಮುಕಿಸಲು ಇಟ್ಟಿದ್ದ ಬಕೆಟ್ಟಿನ ನೀರನ್ನು ಚೊಂಬಿನಿಂದ ಸುರಿಯತೊಡಗಿದಳು. ಹಿಮ್ಮಡಿಯ ಪಕ್ಕದ ಚರ್ಮ ಬೆಳ್ಳಗೆ ಎದ್ದಿತ್ತು.

"ನೋವಿಲ್ವೇನಪ್ಪಾ?"

"ಸ್ವಲ್ಪ" ಎಂದರು ಅವರು. ಆಕೆ ತಲೆಯೆತ್ತಿ ಅವರ ಮುಖ ನೋಡಿದಳು. "ಐತೆ, ಐತೆ. ಜಾಸ್ತಿನೇ ಐತೆ" ಎಂದರು.

ಆಕೆ ನನ್ನ ಕಡೆ ತಿರುಗಿದಳು. "ಬೀಡಿ ಕಿಡಿ ಬಿದ್ರೆ ನಮ್ಮ ಗಂಡ ಊರೇ ಎಬ್ಬಿಸ್ತಾನೆ ತಲ್ಲೀ. ನಿಮ್ಮಾಯಪ್ಪ ಇಷ್ಟು ಸುಟ್ರೂ ನಗ್ತಾ ಅವ್ನೆ. ಬ್ಯಾಗನೆ ಆಸ್ಪತ್ರಿಗೆ ಕರ್ಕೊಂಡೋಗು." ತನ್ನ ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಸೀಳಲು ಹೋದಳು. ನಾನು ತಡೆದು, ಚೀಲದಲ್ಲಿದ್ದ ಮಲ್ ಎಂಬ ತೆಳು ಹತ್ತಿಬಟ್ಟೆಯ ಹೊಸ ತುಂಡು ತೆಗೆದು ಒದ್ದೆ ಮಾಡಿ ಸುತ್ತಿದೆ. ಆ ಹೆಂಗಸಿನ ಹೆಸರು ಕೇಳಲಿಲ್ಲ. ಆಮೇಲೆ ಎಷ್ಟೋ ಸಲ ಆ ಮರದ ಹತ್ತಿರ ನಿಧಾನ ಮಾಡಿದ್ದೇನೆ. ಮರವಿದೆ, ಆಕೆ ಕಂಡಿಲ್ಲ.

ಪೆಡಲನ್ನು ಬಿಚ್ಚಿ ಚೀಲಕ್ಕೆ ಹಾಕಿ, ಅವರ ಕಾಲನ್ನು ಗಾಳಿಯಲ್ಲೇ ಚಾಚಿಸಿಕೊಂಡು ಪಾವಗಡದ ಆಸ್ಪತ್ರೆಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಗಾಯ ತೊಳೆದು, ಔಷಧಿ ಹಚ್ಚಿ, "ಇನ್ನೂ ಆಳಕ್ಕೆ ಇಳೀಲಿಲ್ಲ, ಪುಣ್ಯ. ಸುಡುವಾಗ ಗೊತ್ತಾಗ್ಲಿಲ್ವಾ?" ಎಂದರು.

"ಗಾಡಿ ಶೇಕಲ್ಲಿ ಗಮನ ಇರ್ಲಿಲ್ಲ ಮೇಡಂ."

ಡಾಕ್ಟರಮ್ಮ ಪೆನ್ನಿನ ತುದಿಯಿಂದ ಪಾದದ ಮೇಲೆ ಮುಟ್ಟಿದರು. "ಈಗ ಗೊತ್ತಾಗ್ತಿದ್ಯಾ?"

"ಗೊತ್ತಾಗ್ತದೆ."

"ಇಲ್ಲಿ?"

"ಗೊತ್ತಾಗ್ತದೆ."

"ಸರಿ, ಕಣ್ಣು ಮುಚ್ಕೊಳ್ಳಿ. ನಾನು ಮುಟ್ಟಿದಾಗ ಮಾತ್ರ ಹೇಳಿ."

ಅವರು ಕಣ್ಣು ಮುಚ್ಚಿದರು. ಡಾಕ್ಟರಮ್ಮ ಹಿಮ್ಮಡಿಯಿಂದ ಬೆರಳಿನವರೆಗೆ ಒಂದೊಂದೇ ಕಡೆ ಪೆನ್ನು ಇಟ್ಟು ತೆಗೆದರು. ಅವರು ಸುಮ್ಮನಿದ್ದರು. ಇನ್ನೂ ಮುಟ್ಟಿಲ್ಲವೇನೋ ಎಂದು ಕಾಯುತ್ತಿದ್ದಂತೆ ಮುಖ ಇತ್ತು. ಡಾಕ್ಟರಮ್ಮ ಕೈಯನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡರು. ಆಗ ನಮ್ಮವರು "ಈಗ" ಎಂದರು. ಸ್ವಲ್ಪ ತಡೆದು ಮತ್ತೆ, "ಹಾಂ, ಈಗ" ಎಂದರು. ಪೆನ್ನು ಗಾಳಿಯಲ್ಲಿತ್ತು. ನಾನೂ ಡಾಕ್ಟರಮ್ಮನೂ ಒಬ್ಬರನ್ನೊಬ್ಬರು ನೋಡಿದೆವು.

ಕಾಲು ಮುರಿದಾಗ ನರಕ್ಕೂ ಪೆಟ್ಟು ಬಿದ್ದಿರಬೇಕು, ಪಾದಕ್ಕೆ ಸ್ಪರ್ಶ ಬಹಳ ಕಡಿಮೆಯಾಗಿದೆ, ನಿಧಾನಕ್ಕೆ ಸ್ವಲ್ಪ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರಮ್ಮ. ನರದ ಡಾಕ್ಟರಿಗೆ ತೋರಿಸಿ ಎಂದರು. ದಿನಾ ಪಾದವನ್ನು ಕಣ್ಣಿನಿಂದ ನೋಡಿಕೊಳ್ಳಬೇಕು ಎಂದರು. ನಮ್ಮವರು ಎಲ್ಲಕ್ಕೂ ತಲೆಯಾಡಿಸಿ ಒಂದೇ ಪ್ರಶ್ನೆ ಕೇಳಿದರು. "ಗಾಡಿ ಓಡಿಸ್ಬೋದಾ ಮೇಡಂ?"

"ಬ್ರೇಕ್ ಮೇಲೆ ಕಾಲಿದ್ಯೋ ಇಲ್ವೋ ನಿಮಗೆ ಗೊತ್ತಾಗುತ್ತಾ?"

ಅವರು ಬಗ್ಗಿ ಎಡಗಾಲಿನ ಚಪ್ಪಲಿ ಹಾಕಿಕೊಂಡರು.

ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತೆವು. ನಾಗಲಮಡಿಕೆಗೆ ಫೋನು ಮಾಡಿ ಇವತ್ತು ಆಗುವುದಿಲ್ಲ ಎಂದು ಹೇಳಿದೆ. ಅವರು ಬ್ಯಾಂಡೇಜಿನ ಕಾಲನ್ನು ಬೇರೆ ಯಾರದೋ ಸಾಮಾನಿನಂತೆ ಮುಂದೆ ಚಾಚಿಟ್ಟುಕೊಂಡು ಕೂತಿದ್ದರು.

"ಯಾವಾಗಿಂದ ಹಿಂಗೆ?"

"ಒಂದೊಂದು ದಿನ ಒಂದೊಂಥರ ಕಣೆ. ಬಟ್ಟೆ ಸುತ್ತಿ ಮುಟ್ಟಿದಂಗೆ. ಸರಿಹೋಗ್ತದೆ ಅನ್ಕಂಡಿದ್ದೆ."

"ಅಷ್ಟು ಸಲ ಕೇಳಿದ್ನಲ್ಲ. ಆರಾಮೈತೆ, ಆರಾಮೈತೆ ಅಂದ್ರಲ್ಲ."

"ನೋವಿಲ್ದೆ ಇರೋದು ಆರಾಮಲ್ವಾ?"

ನಾನು ಸಡಿಲವಾಗಿದ್ದ ಬ್ಯಾಂಡೇಜಿನ ತುದಿಯನ್ನು ಒಳಗೆ ಸಿಕ್ಕಿಸಿದೆ. ಅವರೇ ಮುಂದುವರಿಸಿದರು, "ನೋಡ್ಕಂಡು ಒತ್ತಿದ್ರೆ ಬ್ರೇಕ್ ಸರ್ಯಾಗೇ ಬೀಳ್ತದೆ."

"ಆಗ ರಸ್ತೆ ಯಾರು ನೋಡ್ತಾರೆ ರೀ?"

"ನೀನು ನೋಡು, ನಾನು ಕಾಲು ನೋಡ್ತೀನಿ" ಎಂದು ನಕ್ಕರು. ಆ ನಗು ನನಗೆ ಬೇಡವಾಗಿತ್ತು. ಆದರೂ ನಕ್ಕೆ.

ಗಾಯ ಒಣಗಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ನಾನೊಬ್ಬಳೇ ಪೆಡಲನ್ನು ಹಿಡಿದುಕೊಂಡು ಶಿರಾಕ್ಕೆ ಹೋದೆ. ರಿಯಾಜಣ್ಣ ಕರಗಿ ಅಂಟಿದ ರಬ್ಬರನ್ನು ಉಗುರಿನಿಂದ ಕೆರೆದು ನೋಡಿ ತುಂಬ ನೊಂದುಕೊಂಡರು. "ಕ್ಲಾಂಪು ಬ್ಯಾಡ ಅಂತ ನಾನು ಅವತ್ತೇ ಅಂದಿದ್ದೆ" ಎಂದರು. ಅವರು ಹಾಗೆ ಅಂದಿದ್ದರೋ ಇಲ್ಲವೋ ನನಗೆ ನೆನಪಿಲ್ಲ, ಬೀಡಿಗೆ ಬೆಸುಗೆ ನಿಲ್ಲಲ್ಲ ಎಂದದ್ದು ಮಾತ್ರ ನೆನಪು. ನಾನು ವಾದಕ್ಕೆ ಹೋಗಲಿಲ್ಲ. ಹೊಸ ರಟ್ಟು ಕತ್ತರಿಸಿ ತಂದಿದ್ದೆ.

ಈ ಸಲ ಕ್ಲಾಂಪಿನ ಕೆಳಗೆ ಒಂದು ತಡೆ ಬಂತು, ಭಾರ ಬಿದ್ದರೂ ತಿರುಗದಂತೆ. ಸೈಲೆನ್ಸರಿಗೆ ಒಂದರ ಬದಲು ಎರಡು ಆಸರೆ, ಎರಡಕ್ಕೂ ರಬ್ಬರ್ ಬುಷ್ಷು, ಇನ್ನೊಂದು ಬೆರಳಷ್ಟು ಹೊರಕ್ಕೆ. ಸೈಲೆನ್ಸರಿಗೂ ಪೆಡಲಿಗೂ ನಡುವೆ ಅಲ್ಯೂಮಿನಿಯಂ ತಗಡು, ಎರಡಕ್ಕೂ ತಾಗದಂತೆ. ಪೆಡಲಿನ ಹಿಂದೆ ಹಿಮ್ಮಡಿ ಜಾರದಂತೆ ಬಟ್ಟಲಿನ ಆಕಾರದ ತಡೆ. ಅದರೊಳಗೆ ನಾನೇ ಹೊಲಿದ ದಪ್ಪ ಕ್ಯಾನ್ವಾಸು.

ಇದನ್ನು ಪರೀಕ್ಷಿಸುವುದು ಹೇಗೆ? ಗಿರಾಕಿಯನ್ನು ಕೇಳುವ ಕಾಲ ಮುಗಿದಿತ್ತು. "ರಿಯಾಜಣ್ಣ, ನೀವು ಹಿಂದೆ ಕೂತ್ಕಳಿ, ಒಂದು ಸುತ್ತು ಹಾಕಣ" ಎಂದೆ.

"ಸಿರಾ ಬಜಾರಲ್ಲಿ ನಿಮ್ಮ ಹಿಂದೆ ಕೂತ್ಕಂಡಾ? ನಮ್ಮನೆಯವಳು ನನಗೇ ಬೆಸುಗೆ ಹಾಕ್ತಾಳೆ ಭಾಬಿ."

ಕೊನೆಗೆ ಮರಳು ತುಂಬಿದ ಚೀಲವನ್ನು ಯಜಮಾನರ ಕಾಲಿನಂತೆ ಪೆಡಲಿನ ಮೇಲೆ ಕಟ್ಟಿದೆ. ಬಟ್ಟೆಗೆ ಗುರುತು ಹಾಕಲು ನಾವು ಮೇಣದ ಚಾಕ್‌ಪೀಸು ಬಳಸುತ್ತೇವೆ. ಇಸ್ತ್ರಿಪೆಟ್ಟಿಗೆ ಸೋಕಿದರೆ ಸಾಕು, ಕರಗಿ ಮಾಯವಾಗುತ್ತದೆ. ಆ ಮೇಣದ ತುಂಡುಗಳನ್ನು ಪೆಡಲಿನ ಮೇಲೆ, ಹಿಮ್ಮಡಿಯ ಬಟ್ಟಲಿನೊಳಗೆ, ಪಕ್ಕದಲ್ಲಿ ಅಂಟಿಸಿದೆ. ಶಿರಾದಿಂದ ಮಧುಗಿರಿಗೆ, ಮಧುಗಿರಿಯಿಂದ ಕೊರಟಗೆರೆಗೆ, ಅವರು ಬಿದ್ದ ಅದೇ ತಿರುವು ದಾಟಿ, ಮತ್ತೆ ಮಧುಗಿರಿಗೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿದೆ. ಅಂಗಡಿಯ ಮುಂದೆ ನಿಲ್ಲಿಸಿ ಬಗ್ಗಿ ನೋಡಿದೆ. ಒಂದು ತುಂಡೂ ಮೆತ್ತಗಾಗಿರಲಿಲ್ಲ. ತಿರುಗಿದರೆ ತಿಳಿಯಲೆಂದು ಕ್ಲಾಂಪಿನ ಮೇಲೆ ಎಳೆದಿದ್ದ ಗೆರೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅವರು ಸ್ಟೂಲಿನ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದರು.

"ಮರಳು ಚೀಲ ಏನಂತು?" ಎಂದರು.

"ಆರಾಮೈತಂತೆ."

ಆಮೇಲೆ ನಾಗಲಮಡಿಕೆಗೆ ಹೋಗಿ ಅಷ್ಟೂ ಮಿಷನ್ನು ರಿಪೇರಿ ಮಾಡಿ ಬಂದೆವು. ಹಬ್ಬ ಕಳೆದಿತ್ತು, ಅಲ್ಲಿಯ ಹೆಂಗಸರು ಬೈದರು, ಬೈದು ಊಟ ಹಾಕಿದರು. ಈಗ ಎಲ್ಲ ಕಡೆಗೂ ಇಬ್ಬರೂ ಹೋಗುತ್ತೇವೆ. ಅವರು ಮಿಷನ್ನು ಬಿಚ್ಚುತ್ತಾರೆ, ನಾನು ಅಲ್ಲೇ ಕೂತು ಬ್ಲೌಸಿನ ಅಳತೆ ತೆಗೆದುಕೊಳ್ಳುತ್ತೇನೆ. ಪ್ರತಿ ಸಲ ಗಾಡಿ ನಿಲ್ಲಿಸಿದಾಗ ಅವರು ಚಪ್ಪಲಿ ಕಳಚಿ ಪಾದ ತಿರುಗಿಸಿ ನೋಡಿಕೊಳ್ಳುತ್ತಾರೆ. ಮುಂದಿನ ತಿಂಗಳು ನಾನೇ ಓಡಿಸುತ್ತೇನೆ ಎನ್ನುವುದನ್ನು ನಿಲ್ಲಿಸಿದ್ದಾರೆ. ಯಾವ ದಿನ ನಿಲ್ಲಿಸಿದರು ಎಂಬುದು ನನಗೆ ಗೊತ್ತಾಗಲಿಲ್ಲ. ನಿಂತ ಮೇಲೆ ಗೊತ್ತಾಯಿತು.

ನನ್ನ ಕೆಲಸದ ಬಗ್ಗೆ ನನಗೆ ಅನುಮಾನವಿಲ್ಲ. ಕ್ಲಾಂಪು ತಿರುಗುವುದಿಲ್ಲ, ಸೈಲೆನ್ಸರು ಬೀಳುವುದಿಲ್ಲ, ಪೆಡಲು ಕಾಯುವುದಿಲ್ಲ, ಮಂಡಿಗೆ ಎಷ್ಟು ಬೇಕೋ ಅಷ್ಟೇ ಮಡಿಕೆ ಬರುತ್ತದೆ. ಮೇಣ ಸುಳ್ಳು ಹೇಳುವುದಿಲ್ಲ. ಆದರೆ ಆ ಪಾದಕ್ಕೆ ಅಲ್ಲಿ ಆರಾಮವಿದೆಯೇ ಎಂದು ಕೇಳಿದರೆ ಹೇಳುವವರು ಯಾರೂ ಇಲ್ಲ.

ಹಂಪು ಬಂದಾಗ ನಾನು ಈಗಲೂ ಹಿಮ್ಮಡಿಯಿಂದ ತಟ್ಟುತ್ತೇನೆ. ಅಭ್ಯಾಸ. ಅವರು ನನ್ನ ಹೆಗಲ ಮೇಲಿಂದ ಹಂಪು ನೋಡಿಯೇ ಹಿಡಿದುಕೊಳ್ಳುತ್ತಾರೆ. ಆಗೆಲ್ಲ ಮದಲೂರು ಏರಿ ನೆನಪಾಗುತ್ತದೆ. ಅಂದು ಆ ಬೆರಳು ನಿಜವಾಗಿ ನನ್ನ ಹಿಮ್ಮಡಿಯನ್ನು ಅರಿತು ಒತ್ತಿದ್ದರೆ, ಅಂದು ಅವರ ಪಾದದಲ್ಲಿ ಇನ್ನೂ ಜೀವವಿತ್ತು, ಅವರು ಹೇಳಿದ "ಆರಾಮೈತೆ" ನಿಜವಾಗಿತ್ತು. ಮುಂದಿನ ಎಮ್ಮೆಗಳನ್ನು ನೋಡಿ, ನಾನು ತಟ್ಟುತ್ತೇನೆಂದು ಊಹಿಸಿ, ಗೊತ್ತಾದವರಂತೆ ಬೆರಳು ಆಡಿಸಿದ್ದರೆ, ಪಾದಕ್ಕೆ ಸ್ಪರ್ಶವಿಲ್ಲವೆಂದು ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು, ನನ್ನಿಂದ ಮುಚ್ಚಿಟ್ಟಿದ್ದರು. ಗಾಡಿ ಕುಣಿದದ್ದಷ್ಟೇ ಆಗಿದ್ದರೆ ಎರಡೂ ಅಲ್ಲ. ಅವರನ್ನು ಕೇಳಿದರೆ ಅದು ಆಗಲೇ ಇಲ್ಲ ಎನ್ನುತ್ತಾರೆ. ನನ್ನ ಹಿಮ್ಮಡಿಯನ್ನು ಕೇಳಿದರೆ ಆಯಿತು ಎನ್ನುತ್ತದೆ. ಯಾವುದು ನಿಜ ಎಂದು ನನಗೆ ಗೊತ್ತಿಲ್ಲ.